ಸೈಟು ಮಾರಿದ್ದು ಕಂಪನಿ, ಸುಳ್ಳು ಹೇಳಿದ್ದು ಯಾರು?

ನಮ್ಮ ಸೋದರಮಾವ ಸೈಟು ನೋಡಲು ಹೋಗಿದ್ದು ಒಂದು ಭಾನುವಾರ ಬೆಳಿಗ್ಗೆ. ವಿಜಯನಗರದಿಂದ ಕಂಪನಿಯದೇ ಟೆಂಪೋ ಟ್ರಾವೆಲರ್. ಹತ್ತಿದ ಕೂಡಲೇ ಉಪ್ಪಿಟ್ಟು, ಕೇಸರಿಬಾತ್. ನೆಲಮಂಗಲ ದಾಟಿ ಎಲ್ಲೋ ಒಳಗೆ ಹೋದ ಮೇಲೆ, ರಾಗಿ ಹೊಲದ ಅಂಚಿಗೆ ಒಂದು ದೊಡ್ಡ ಕಮಾನು. ಸಾಲಾಗಿ ಬಾವುಟ, ಸುಣ್ಣದ ಗೆರೆ, ನಂಬರ್ ಬರೆದ ಕಲ್ಲು. ಕೈಗೆ ಕೊಟ್ಟ ಬ್ರೋಷರಿನಲ್ಲಿ ಈಜುಕೊಳ, ಕ್ಲಬ್ ಹೌಸ್, ಮಗುವಿನ ಕೈ ಹಿಡಿದು ನಡೆಯುವ ಅಪ್ಪ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಡಿಸಿ ಕನ್ವರ್ಷನ್ ಆಗಿದೆ, ಬ್ಯಾಂಕ್ ಸಾಲ ಸಿಗುತ್ತದೆ' ಅಂತ ಇತ್ತು. ಡಿಸಿ ಕನ್ವರ್ಷನ್ ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಜಿಲ್ಲಾಧಿಕಾರಿ ಕೊಡುವ ಅನುಮತಿ. ಮಾವ ಅದೇ ದಿನ ಅಡ್ವಾನ್ಸ್ ಕೊಟ್ಟು ಬಂದರು. ಮುಂದಿನ ಎಂಟು ತಿಂಗಳಲ್ಲಿ ಒಟ್ಟು ಆರು ಲಕ್ಷ ಕಟ್ಟಿದರು.

ಮೂರು ವರ್ಷ ಆದರೂ ರಿಜಿಸ್ಟ್ರೇಷನ್ ಆಗಲಿಲ್ಲ. ಕೊನೆಗೆ ಪಹಣಿ ತೆಗೆಸಿ ನೋಡಿದರೆ ಜಮೀನು ಇನ್ನೂ ರೈತನ ಹೆಸರಿನಲ್ಲೇ ಇದೆ, ಕೃಷಿ ಜಮೀನಾಗಿಯೇ ಇದೆ. ಕಂಪನಿ ಹತ್ತಿರ ಇದ್ದದ್ದು ಆ ರೈತನ ಜೊತೆ ಮಾಡಿಕೊಂಡ ಒಂದು ಕರಾರು ಪತ್ರ ಅಷ್ಟೇ. ಅದರ ಅವಧಿಯೂ ಮುಗಿದುಹೋಗಿತ್ತು. ಆಫೀಸು ಇದ್ದ ಕಡೆ ಬ್ಯೂಟಿ ಪಾರ್ಲರ್ ಬಂದಿತ್ತು. ಆ ಭಾನುವಾರ ಮೈಕ್ ಹಿಡಿದು ಭಾಷಣ ಮಾಡಿದ್ದ ಡೈರೆಕ್ಟರನ್ನು ಹೇಗೋ ಹುಡುಕಿ ಕೇಳಿದಾಗ ಬಂದ ಉತ್ತರ ಇದು: "ಕಂಪನಿ ಲಾಸಲ್ಲಿದೆ ಸಾರ್. ನನ್ನನ್ನ ಹಿಡ್ಕೊಂಡ್ರೆ ಏನ್ ಬರುತ್ತೆ? ನಾನು ಬರೀ ಡೈರೆಕ್ಟರ್."

ಈ 'ಬರೀ ಡೈರೆಕ್ಟರ್' ಅನ್ನುವ ಮಾತು ಪೂರ್ತಿ ಸುಳ್ಳಾಗಿದ್ದರೆ ಸಮಸ್ಯೆ ಸುಲಭವಾಗುತ್ತಿತ್ತು. ಅದು ಅರ್ಧ ನಿಜ. ಆ ಅರ್ಧ ನಿಜದ ಹಿಂದೆ ಅವಿತುಕೊಂಡು ಎಷ್ಟೋ ಜನ ಪಾರಾಗುತ್ತಾರೆ. ಇನ್ನರ್ಧ ಏನು ಅಂತ ಗೊತ್ತಿದ್ದವರು ಅವರನ್ನು ಹೊರಗೆಳೆಯುತ್ತಾರೆ.

ಕಂಪನಿ ಅನ್ನುವ ಗೋಡೆ

ಮೊದಲು ನಿಜವಾದ ಅರ್ಧ. ಕಾನೂನಿನ ಕಣ್ಣಿಗೆ ಕಂಪನಿಯೇ ಬೇರೆ ವ್ಯಕ್ತಿ, ಅದನ್ನು ನಡೆಸುವವರೇ ಬೇರೆ ವ್ಯಕ್ತಿ. ಈ ತತ್ವ ಗಟ್ಟಿಯಾಗಿದ್ದು 1897ರಲ್ಲಿ, ಲಂಡನ್ನಿನ ಒಬ್ಬ ಬೂಟು ವ್ಯಾಪಾರಿಯ ಕೇಸಿನಲ್ಲಿ. ಸಾಲೊಮನ್ ಅನ್ನುವವನು ತನ್ನ ವ್ಯಾಪಾರವನ್ನು ಕಂಪನಿ ಮಾಡಿದ. 20,007 ಷೇರುಗಳಲ್ಲಿ 20,001 ಅವನದೇ. ಉಳಿದ ಆರು, ಹೆಂಡತಿ ಮಕ್ಕಳಿಗೆ ಒಂದೊಂದು. ಕಂಪನಿ ಮುಳುಗಿದಾಗ ಸಾಲ ಕೊಟ್ಟವರು 'ಇದೆಲ್ಲ ನಾಟಕ, ಕಂಪನಿ ಅಂದ್ರೆ ಇವನೇ ಅಲ್ವಾ' ಅಂದರು. ಅಲ್ಲ ಅಂದಿತು ಅಲ್ಲಿನ ಅತ್ಯುನ್ನತ ನ್ಯಾಯಾಲಯ. ಕಂಪನಿಯ ಸಾಲ ಕಂಪನಿಯದು, ಸಾಲೊಮನ್ನನ ಮನೆಯದಲ್ಲ.

ಇದು ಕೇಳಲು ಅನ್ಯಾಯ ಅನ್ನಿಸಿದರೂ ಇದಕ್ಕೊಂದು ಅರ್ಥ ಇದೆ. ಪ್ರಾಮಾಣಿಕವಾಗಿ ವ್ಯಾಪಾರ ಮಾಡಿ ನಷ್ಟವಾದರೆ ಮನೆಮಠ ಹೋಗಬಾರದು ಅನ್ನುವ ಧೈರ್ಯ ಇಲ್ಲದಿದ್ದರೆ ಯಾರೂ ದೊಡ್ಡ ಕೆಲಸಕ್ಕೆ ಕೈ ಹಾಕುವುದಿಲ್ಲ. ನಮ್ಮ ಕಂಪನಿ ಕಾಯ್ದೆಯೂ ಇದೇ ಅಡಿಪಾಯದ ಮೇಲೆ ನಿಂತಿದೆ. ಲೇಔಟ್ ಮಾಡಲು ಹೊರಟ ಕಂಪನಿಗೆ ಮಾರುಕಟ್ಟೆ ಕುಸಿದು ನಷ್ಟವಾದರೆ, ಬರೀ ಆ ಕಾರಣಕ್ಕೆ ಡೈರೆಕ್ಟರ್ ಮನೆ ಹರಾಜಾಗುವುದಿಲ್ಲ. ಸೈಟು ತಡವಾಯಿತು ಅನ್ನುವುದೊಂದೇ ಕಾರಣಕ್ಕೂ ಆಗುವುದಿಲ್ಲ.

ಆದರೆ ಈ ಗೋಡೆ ಕಟ್ಟಿದ್ದು ನಷ್ಟವನ್ನು ತಡೆಯಲು. ಸುಳ್ಳನ್ನು ಮುಚ್ಚಿಡಲು ಅಲ್ಲ. ಬ್ರೋಷರಿನಲ್ಲಿ 'ಕನ್ವರ್ಷನ್ ಆಗಿದೆ' ಅಂತ ಅಚ್ಚು ಹಾಕಿಸಿದ್ದು ಒಂದು ಕೈ. ಕಂಪನಿಗೆ ಕೈ ಇರುವುದಿಲ್ಲ. ಹಾಗಾಗಿ ಇಂಥ ಕೇಸುಗಳಲ್ಲಿ ಕೊನೆಗೆ ಉಳಿಯುವ ಪ್ರಶ್ನೆ, ಆ ಕೈ ಯಾರದ್ದು?

'ಬಂದೇ ಬರುತ್ತೆ' ಅಂದವರ ಕಥೆ

ಸೈಟು ಮಾರುವವರ ಸುಳ್ಳಿನಲ್ಲಿ ಎರಡು ಜಾತಿ. ಒಂದು, ಇಲ್ಲದ್ದನ್ನು ಇದೆ ಅನ್ನುವುದು. ಗೋಮಾಳವನ್ನೋ ರಾಜಕಾಲುವೆ ಪಕ್ಕದ ಜಾಗವನ್ನೋ ಸ್ವಂತದ್ದು ಅಂತ ತೋರಿಸುವುದು. ಒಂದೇ ಸೈಟನ್ನು ಮೂವರಿಗೆ ಮಾರುವುದು. ಎರಡನೆಯದು ಜಾಸ್ತಿ ಚಾಲ್ತಿಯಲ್ಲಿರುವುದು. ಮುಂದೆ ಆಗಬಹುದಾದ್ದನ್ನು ಈಗಲೇ ಆಗಿಬಿಟ್ಟಿದೆ ಅನ್ನುವುದು. 'ಫೈಲು ಡಿಸಿ ಆಫೀಸಲ್ಲಿದೆ, ಎರಡು ವಾರದಲ್ಲಿ ಆಗುತ್ತೆ' ಅನ್ನುವುದು ಬ್ರೋಷರಿಗೆ ಬರುವ ಹೊತ್ತಿಗೆ 'ಆಗಿದೆ' ಆಗಿರುತ್ತದೆ.

ಈ ಎರಡನೇ ಜಾತಿಯ ಸುಳ್ಳಿಗೆ 1889ರ ಒಂದು ಇಂಗ್ಲಿಷ್ ಕೇಸು ಕನ್ನಡಿ ಹಿಡಿದ ಹಾಗಿದೆ. ಪ್ಲಿಮತ್ ಊರಿನ ಒಂದು ಟ್ರಾಮ್ ಕಂಪನಿ. ಕುದುರೆ ಕಟ್ಟಿ ಟ್ರಾಮ್ ಓಡಿಸಲು ಅನುಮತಿ ಇತ್ತು. ಉಗಿಯಂತ್ರದಿಂದ ಓಡಿಸಬೇಕಾದರೆ ಸರ್ಕಾರದ ಒಂದು ಮಂಡಳಿಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಬಂದೇ ಬರುತ್ತೆ ಅಂದುಕೊಂಡ ನಿರ್ದೇಶಕರು 'ನಮಗೆ ಉಗಿಯಂತ್ರದ ಹಕ್ಕಿದೆ' ಅಂತ ಪ್ರಕಟಿಸಿ ಷೇರು ಮಾರಿದರು. ಬಹುಪಾಲು ಮಾರ್ಗಕ್ಕೆ ಒಪ್ಪಿಗೆ ಸಿಗಲಿಲ್ಲ, ಕಂಪನಿ ಮುಚ್ಚಿತು. ಷೇರು ಕೊಂಡಿದ್ದ ಪೀಕ್ ಅನ್ನುವವರು ನಿರ್ದೇಶಕರ ಮೇಲೇ ದಾವೆ ಹೂಡಿದರು. ಕೋರ್ಟು ಹೇಳಿದ್ದು, ಅವರು ನಿಜ ಅಂತ ನಂಬಿ ಹೇಳಿದ್ದರೆ ಅದು ವಂಚನೆಯಲ್ಲ. ಸುಳ್ಳು ಅಂತ ಗೊತ್ತಿದ್ದು ಹೇಳಿರಬೇಕು, ಇಲ್ಲವೇ ನಿಜವೋ ಸುಳ್ಳೋ ಅನ್ನುವ ಗೊಡವೆಯೇ ಇಲ್ಲದೆ ಹೇಳಿರಬೇಕು. ನಿರ್ದೇಶಕರು ಬಚಾವಾದರು. ಮರುವರ್ಷವೇ, 1890ರಲ್ಲಿ, ಬ್ರಿಟಿಷ್ ಸಂಸತ್ತು ಈ ತೂತು ಮುಚ್ಚಲು ನಿರ್ದೇಶಕರ ಹೊಣೆಗಾರಿಕೆಗೆಂದೇ ಒಂದು ಕಾಯ್ದೆ ತಂದಿತು.

ಪ್ಲಿಮತ್ತಿನ ಉಗಿಯಂತ್ರದ ಜಾಗದಲ್ಲಿ ನಮ್ಮ ಡಿಸಿ ಕನ್ವರ್ಷನ್ ಇಟ್ಟು ನೋಡಿ. ಅದೇ ಕಥೆ. ನಮ್ಮ 1872ರ ಕರಾರು ಕಾಯ್ದೆ ಕೂಡ ವಂಚನೆಯನ್ನೂ ತಪ್ಪು ಹೇಳಿಕೆಯನ್ನೂ ಬೇರೆ ಮಾಡುತ್ತದೆ. ಎರಡರಲ್ಲೂ ಮೋಸಹೋದವರು ಕರಾರು ರದ್ದು ಮಾಡಬಹುದು. ಪಾಲಿಸುವ ಉದ್ದೇಶವೇ ಇಲ್ಲದೆ ಮಾತು ಕೊಡುವುದನ್ನು ಈ ಕಾಯ್ದೆ ನೇರವಾಗಿ ವಂಚನೆ ಅನ್ನುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಾರುವವನು ತನಗೆ ಗೊತ್ತಿದ್ದ ಹಕ್ಕಿನ ದೋಷವನ್ನು ಹೇಳದೆ ಬಚ್ಚಿಟ್ಟರೂ ವಂಚನೆಯೇ ಅನ್ನುತ್ತದೆ.

ರೇರಾ ಎಲ್ಲಿಯವರೆಗೆ ಬರುತ್ತದೆ

'ನಂಬಿ ಹೇಳಿದ್ದೆ' ಅನ್ನುವ ನೆಪಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ರೇರಾ, ಅಂದರೆ ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ಕಾಯ್ದೆ. ಇದು ಬರೀ ಫ್ಲಾಟುಗಳಿಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮಾರಲು ಮಾಡುವ ಲೇಔಟಿಗೂ ಇದು ಅನ್ವಯ. ಜಾಗ 500 ಚದರ ಮೀಟರ್ ಮೀರಿದರೆ ರೇರಾ ಪ್ರಾಧಿಕಾರದಲ್ಲಿ ನೋಂದಣಿ ಇಲ್ಲದೆ ಜಾಹೀರಾತು ಹಾಕುವಂತಿಲ್ಲ, ಬುಕ್ಕಿಂಗ್ ತೆಗೆದುಕೊಳ್ಳುವಂತಿಲ್ಲ. 'ಪ್ರೀ ಲಾಂಚ್ ಆಫರ್' ಅಂತ ಫ್ಲೆಕ್ಸ್ ಕಟ್ಟುತ್ತಾರಲ್ಲ, ನೋಂದಣಿ ಆಗಿರದಿದ್ದರೆ ಆ ಫ್ಲೆಕ್ಸೇ ಒಂದು ಉಲ್ಲಂಘನೆ. ನೋಂದಾಯಿತ ಕರಾರು ಇಲ್ಲದೆ ಬೆಲೆಯ 10 ಪರ್ಸೆಂಟಿಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳುವಂತೆಯೂ ಇಲ್ಲ. ನಮ್ಮ ಮಾವನ ಆರು ಲಕ್ಷ ಆ ಗೆರೆಯನ್ನು ಎರಡನೇ ಕಂತಿಗೇ ದಾಟಿತ್ತು.

ಇದರ 12ನೇ ಕಲಂ ನನಗೆ ಬಹಳ ಇಷ್ಟ. ಜಾಹೀರಾತಿನಲ್ಲಿ, ಬ್ರೋಷರಿನಲ್ಲಿ, ಮಾದರಿ ತೋರಿಸುವಾಗ ಕೊಟ್ಟ ಮಾಹಿತಿ ತಪ್ಪಾಗಿದ್ದು, ಅದನ್ನು ನಂಬಿ ದುಡ್ಡು ಕೊಟ್ಟವರಿಗೆ ನಷ್ಟವಾದರೆ ಪರಿಹಾರ ಕೊಡಬೇಕು. ಬೇಡ ಅನ್ನಿಸಿದರೆ ಪೂರ್ತಿ ದುಡ್ಡನ್ನು ಬಡ್ಡಿ ಸಮೇತ ವಾಪಸ್ ಕೊಡಬೇಕು. ಇಲ್ಲಿ ಮನಸ್ಸಿನಲ್ಲಿ ಏನಿತ್ತು ಅಂತ ಅಗೆಯುವ ಅಗತ್ಯ ಇಲ್ಲ. ಮಾತು ತಪ್ಪಾಗಿತ್ತೇ ಇಲ್ಲವೇ ಅಷ್ಟೇ. ಜಮೀನಿನ ಹಕ್ಕೇ ದೋಷದ್ದಾಗಿದ್ದರೆ 18ನೇ ಕಲಮಿನ ಪ್ರಕಾರ ಪರಿಹಾರ ಕೇಳಲು ಕಾಲಮಿತಿಯೂ ಅಡ್ಡ ಬರುವುದಿಲ್ಲ.

ಆದರೆ ಇಲ್ಲೊಂದು ಗಂಟಿದೆ. ಈ ಪರಿಹಾರ ಕೊಡಬೇಕಾದವರು 'ಪ್ರವರ್ತಕರು', ಅಂದರೆ ಲೇಔಟ್ ಮಾಡಿ ಮಾರುವವರು. ಸಾಮಾನ್ಯವಾಗಿ ಆ ಹೆಸರಿನ ಮುಂದೆ ಇರುವುದು ಕಂಪನಿ. ಆದೇಶ ಕಂಪನಿ ಮೇಲೆ ಬರುತ್ತದೆ. ಕಟ್ಟದಿದ್ದರೆ ಭೂಕಂದಾಯ ಬಾಕಿಯ ಹಾಗೆ ವಸೂಲಿ ಮಾಡಿ ಅಂತ ರೇರಾ ಪ್ರಾಧಿಕಾರ ಪತ್ರ ಕೊಡುತ್ತದೆ. ಅದು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಅಲ್ಲಿಂದ ತಹಶೀಲ್ದಾರರ ಮೇಜಿಗೆ ಬರುತ್ತದೆ. ಅವರು ಕಂಪನಿ ಆಸ್ತಿ ಹುಡುಕಿದರೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ವಾಟರ್ ಕ್ಯಾನ್. ಪತ್ರ ಅಲ್ಲೇ ಮಲಗುತ್ತದೆ.

ಡೈರೆಕ್ಟರ್ ತನಕ ಬರುವ ಬಾಗಿಲು ಬೇರೆ ಕಡೆ ಇದೆ, 69ನೇ ಕಲಮಿನಲ್ಲಿ. ರೇರಾ ಕಾಯ್ದೆಯ ಅಪರಾಧವನ್ನು ಕಂಪನಿ ಮಾಡಿದ್ದರೆ, ಆ ಹೊತ್ತಿಗೆ ವ್ಯವಹಾರದ ಉಸ್ತುವಾರಿ ಹೊತ್ತಿದ್ದ ಪ್ರತಿಯೊಬ್ಬರೂ ಅಪರಾಧಿಯೇ ಅನ್ನುತ್ತದೆ ಅದು. 'ನನಗೆ ಗೊತ್ತಿರಲಿಲ್ಲ', 'ತಡೆಯಲು ಎಲ್ಲ ಪ್ರಯತ್ನ ಮಾಡಿದ್ದೆ' ಅಂತ ತೋರಿಸುವ ಭಾರ ಅವರ ಮೇಲೇ. ಉಸ್ತುವಾರಿ ಇಲ್ಲದ ಡೈರೆಕ್ಟರ್ ಆಗಿದ್ದರೂ ಅವರ ಒಪ್ಪಿಗೆಯಿಂದಲೋ, ಕಂಡೂ ಕಾಣದ ಹಾಗೆ ಇದ್ದುದರಿಂದಲೋ, ನಿರ್ಲಕ್ಷ್ಯದಿಂದಲೋ ಅದು ನಡೆದಿದ್ದರೆ ಅವರೂ ಸಿಕ್ಕಿಬೀಳುತ್ತಾರೆ. ನೋಂದಣಿ ಮಾಡಿಸದೆ ಮಾರಿ, ಆದೇಶ ಬಂದ ಮೇಲೂ ಮೊಂಡುತನ ಮಾಡಿದರೆ ಮೂರು ವರ್ಷದವರೆಗೆ ಜೈಲು ಆಗಬಹುದು. ಮೇಲ್ಮನವಿ ನ್ಯಾಯಮಂಡಳಿಯ ಆದೇಶ ಮೀರಿದರೂ ಅಷ್ಟೇ. ಒಂದೇ ತೊಡಕು, ಈ ಅಪರಾಧಗಳಿಗೆ ನೀವು ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ದೂರು ಕೊಡಬೇಕಾದ್ದು ರೇರಾ ಪ್ರಾಧಿಕಾರ. ನೀವು ಅವರನ್ನು ಕೆಣಕುತ್ತಾ ಇರಬೇಕು.

ಪೊಲೀಸ್ ಠಾಣೆಯಲ್ಲಿ ಕೇಳುವ ಮೊದಲ ಮಾತು

"ಇದು ಸಿವಿಲ್ ಮ್ಯಾಟರ್ ರೀ." ಸೈಟಿನ ದೂರು ಹಿಡಿದು ಠಾಣೆಗೆ ಹೋದವರೆಲ್ಲ ಇದನ್ನು ಕೇಳಿರುತ್ತಾರೆ. ಸುಮ್ನೆ ಸಾಗಹಾಕಲು ಹೇಳುವುದೂ ಉಂಟು, ಆದರೆ ಇದರ ಹಿಂದೆ ಒಂದು ಕಾನೂನಿನ ಮಾತಿದೆ. ಮಾತು ತಪ್ಪುವುದೆಲ್ಲ ಮೋಸ ಅಲ್ಲ. ದುಡ್ಡು ತೆಗೆದುಕೊಳ್ಳುವ ಹೊತ್ತಿನಲ್ಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಹಳೇ ದಂಡ ಸಂಹಿತೆಯ 420, ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318(4). ಏಳು ವರ್ಷದವರೆಗೆ ಶಿಕ್ಷೆ.

ಹಾಗಾದರೆ ಆ ಹೊತ್ತಿನ ಉದ್ದೇಶವನ್ನು ತೋರಿಸುವುದು ಹೇಗೆ? ಮಾವನ ಕೇಸನ್ನೇ ನೋಡಿ. ಬ್ರೋಷರಿನಲ್ಲಿ 'ಕನ್ವರ್ಷನ್ ಆಗಿದೆ' ಅಂತ ಇದೆ. ಅವತ್ತಿನ ಪಹಣಿಯಲ್ಲಿ ಕೃಷಿ ಜಮೀನು ಅಂತ ಇದೆ. ಕನ್ವರ್ಷನ್ನಿಗೆ ಅರ್ಜಿಯನ್ನಾದರೂ ಹಾಕಿದ್ದರಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದಾಗ, ಆ ಸರ್ವೆ ನಂಬರಿಗೆ ಅರ್ಜಿಯೇ ಬಂದಿಲ್ಲ ಅಂತ ಉತ್ತರ ಬಂತು. ಪ್ಲಿಮತ್ತಿನ ನಿರ್ದೇಶಕರಾದರೂ ಒಪ್ಪಿಗೆ ಬರುತ್ತೆ ಅಂತ ನಂಬಿದ್ದರು. ಅರ್ಜಿಯನ್ನೇ ಹಾಕದವನು ಏನನ್ನು ನಂಬಿದ್ದ? ಈ ಮೂರು ಕಾಗದ ಪಕ್ಕಪಕ್ಕ ಇಟ್ಟ ಮೇಲೆ 'ಸಿವಿಲ್ ಮ್ಯಾಟರ್' ಅನ್ನುವುದು ಕಷ್ಟ.

ಇನ್ನು ಯಾವ ಡೈರೆಕ್ಟರ್? ಕಂಪನಿಯಲ್ಲಿ ಐವರಿದ್ದರೆ ಐವರ ಹೆಸರನ್ನೂ ಎಫ್‌ಐಆರಿಗೆ ಸುರಿಯುವುದು ನಮ್ಮಲ್ಲಿ ರೂಢಿ. ಇದು ನನ್ನ ಪ್ರಕಾರ ದೊಡ್ಡ ತಪ್ಪು. 2015ರಲ್ಲಿ ಸುನೀಲ್ ಭಾರ್ತಿ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಕಂಪನಿ ಮಾಡಿದ ಅಪರಾಧಕ್ಕೆ ನಿರ್ದೇಶಕನನ್ನು ಆರೋಪಿ ಮಾಡಲು ಎರಡೇ ದಾರಿ. ಒಂದು, ಅವನೇ ಆ ಕೆಲಸದಲ್ಲಿ ಕೈಯಾಡಿಸಿರಬೇಕು, ಅದರ ಹಿಂದೆ ಅಪರಾಧದ ಮನಸ್ಸಿರಬೇಕು. ಎರಡು, 'ಉಸ್ತುವಾರಿಯಲ್ಲಿದ್ದವರೂ ಹೊಣೆ' ಅಂತ ಆ ಕಾಯ್ದೆಯಲ್ಲೇ ಬರೆದಿರಬೇಕು. ಮೋಸದ ಕಲಮಿನಲ್ಲಿ ಹಾಗೆ ಬರೆದಿಲ್ಲ. ಅಲ್ಲಿ ಮೊದಲನೇ ದಾರಿಯೇ ಗತಿ. ಯಾರ ಕೈ ಅಂತ ಹೇಳದೆ ಎಲ್ಲರ ಹೆಸರನ್ನೂ ಹಾಕಿದರೆ ಅವರು ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿಸಿಕೊಂಡು ಬರುತ್ತಾರೆ. ನಿಜವಾದ ಕಳ್ಳನೂ ಆ ಗುಂಪಿನಲ್ಲೇ ನುಸುಳಿಬಿಡುತ್ತಾನೆ.

ದೂರಿನಲ್ಲಿ ಬರೆಯಬೇಕಾದ್ದು ಇಂಥದ್ದು: ಇಂಥ ತಾರೀಕು, ಇಂಥ ಜಾಗದಲ್ಲಿ, ಇಂಥ ನಿರ್ದೇಶಕ ಮೈಕಿನಲ್ಲಿ ಹೀಗೆ ಹೇಳಿದ. ಇಂಥ ರಸೀದಿಗೆ ಇವನು ಸಹಿ ಹಾಕಿದ. ಇವನ ನಂಬರಿನಿಂದ ವಾಟ್ಸಾಪಿನಲ್ಲಿ 'ಅಪ್ರೂವಲ್ ಕಾಪಿ ಮುಂದಿನ ವಾರ' ಅಂತ ಬಂತು.

ಬೌನ್ಸ್ ಆದ ಚೆಕ್ಕಿನ ಬೆಲೆ

ಎಷ್ಟೋ ಸಲ ಈ ದೊಡ್ಡ ಕಾಯ್ದೆಗಳಿಗಿಂತ ಬೇಗ ಕೆಲಸ ಮಾಡುವುದು ಒಂದು ಚೆಕ್ಕು. ಗಲಾಟೆ ಜಾಸ್ತಿಯಾದಾಗ ಕಂಪನಿಯವರು ರೀಫಂಡ್ ಚೆಕ್ ಕೊಟ್ಟು ಕಳಿಸುತ್ತಾರೆ. ಅದು ಬೌನ್ಸ್ ಆಗುತ್ತದೆ. ಜನ ಅದನ್ನು ಬೈದು ಬಿಸಾಡುತ್ತಾರೆ. ಬಿಸಾಡಬೇಡಿ. ಕಂಪನಿ ಚೆಕ್ಕಿಗೂ ಸಹಿ ಹಾಕಿದ್ದು ಮನುಷ್ಯನೇ.

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಚೆಕ್ ಬೌನ್ಸನ್ನು ಅಪರಾಧ ಅನ್ನುವ 138ನೇ ಕಲಮಿನ ಜೊತೆ, ಕಂಪನಿ ಚೆಕ್ಕಿಗೆ ಯಾರು ಹೊಣೆ ಅಂತ ಹೇಳುವ 141ನೇ ಕಲಂ ಓದಬೇಕು. 2005ರಲ್ಲಿ ಎಸ್‌ಎಂಎಸ್ ಫಾರ್ಮಾಸ್ಯೂಟಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿಟ್ಟಿದೆ. ಬರೀ ಡೈರೆಕ್ಟರ್ ಆಗಿರುವುದು ಸಾಲದು. ಆದರೆ ಮ್ಯಾನೇಜಿಂಗ್ ಡೈರೆಕ್ಟರ್ ಆಗಿದ್ದರೆ ಹುದ್ದೆಯ ಕಾರಣಕ್ಕೇ ಹೊಣೆ. ಚೆಕ್ಕಿಗೆ ಸಹಿ ಹಾಕಿದವನೂ ಹೊಣೆ. ಉಳಿದವರ ಬಗ್ಗೆ, ಅವರು ವ್ಯವಹಾರದ ಉಸ್ತುವಾರಿಯಲ್ಲಿದ್ದರು ಅಂತ ದೂರಿನಲ್ಲಿ ಹೇಳಲೇಬೇಕು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಎರಡರಷ್ಟರವರೆಗೆ ದಂಡ, ಅಥವಾ ಎರಡೂ.

ಇಲ್ಲಿ ದಿನದ ಲೆಕ್ಕವೇ ಎಲ್ಲ. ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್. ಅದು ತಲುಪಿದ ಮೇಲೆ ಕಟ್ಟಲು 15 ದಿನ. ಕಟ್ಟದಿದ್ದರೆ ಆಮೇಲಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಮಾವ ಮೊದಲನೇ ಚೆಕ್ಕಿನಲ್ಲಿ ಎಡವಿದ್ದೇ ಇಲ್ಲಿ. "ಅಣ್ಣಾ, ಇನ್ನೊಂದ್ಸಲ ಹಾಕಿ, ಈ ಸಲ ಗ್ಯಾರಂಟಿ" ಅಂದ ಅಂತ ಕಾಯುತ್ತಾ ಕೂತರು. ಚೆಕ್ಕಿನ ಮೂರು ತಿಂಗಳ ಆಯಸ್ಸೂ ಮುಗಿಯಿತು, ನೋಟಿಸಿನ ದಿನವೂ ಹೋಯಿತು. ಅತ್ತೆ ಇವತ್ತಿಗೂ ಆ ಚೆಕ್ಕಿನ ವಿಷಯ ಬಂದರೆ ಎದ್ದು ಒಳಗೆ ಹೋಗುತ್ತಾರೆ.

ಹೆಂಡತಿ ಮಕ್ಕಳ ಆಸ್ತಿಗೂ ಕೋರ್ಟು ಕೈ ಹಾಕಿದಾಗ

ಜೈಲಿಗೆ ಹೋದರೆ ನಮ್ಮ ದುಡ್ಡು ಬರುತ್ತಾ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ದುಡ್ಡಿಗಾಗಿ ಕೋರ್ಟು ಕಂಪನಿಯ ಮುಸುಕು ಸರಿಸಿದ ದೊಡ್ಡ ಉದಾಹರಣೆ ದೆಹಲಿಯ ಸ್ಕಿಪ್ಪರ್ ಕನ್‌ಸ್ಟ್ರಕ್ಷನ್ ಪ್ರಕರಣ.

1980ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಝಂಡೇವಾಲಾನ್‌ನಲ್ಲಿ ಒಂದು ಜಾಗ ಹರಾಜು ಹಾಕಿತು. ಸ್ಕಿಪ್ಪರ್ ಕಂಪನಿ 9.82 ಕೋಟಿಗೆ ಕೂಗಿ, ಕಾಲು ಭಾಗ ಕಟ್ಟಿ, ಉಳಿದದ್ದನ್ನು ಕಟ್ಟದೆ ವರ್ಷಗಟ್ಟಲೆ ಎಳೆದಾಡಿತು. ಅಷ್ಟರಲ್ಲೇ, ತನ್ನದಾಗದ ಆ ಜಾಗದಲ್ಲಿ ಏಳಲಿದ್ದ ಕಟ್ಟಡದ ಜಾಗಗಳನ್ನು ಜನರಿಗೆ ಮಾರಲು ಶುರು ಮಾಡಿತು. ಒಂದೇ ಜಾಗವನ್ನು ಒಬ್ಬರಿಗಿಂತ ಜಾಸ್ತಿ ಜನಕ್ಕೆ ಮಾರಿದ್ದೂ ಇತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 1991ರ ಜನವರಿ 29ರಂದು ಕೋರ್ಟು 'ಯಾರಿಗೂ ಹಕ್ಕು ಸೃಷ್ಟಿಸಬೇಡಿ' ಅಂತ ಆದೇಶ ಮಾಡಿತು. ಕಂಪನಿ ಏನು ಮಾಡಿತು ಗೊತ್ತಾ? ಒಂದು ವಾರದಲ್ಲೇ ಪೇಪರಿನಲ್ಲಿ ಜಾಹೀರಾತು ಹಾಕಿ ಬುಕ್ಕಿಂಗಿಗೆ ಕರೆಯಿತು. ಆದೇಶದ ನಂತರವೇ ಸುಮಾರು 11 ಕೋಟಿ ಎತ್ತಿತು.

ನ್ಯಾಯಾಂಗ ನಿಂದನೆಗಾಗಿ ಕಂಪನಿ ನಡೆಸುತ್ತಿದ್ದ ತೇಜ್ವಂತ್ ಸಿಂಗ್ ಮತ್ತು ಅವರ ಪತ್ನಿಗೆ ಜೈಲು ಶಿಕ್ಷೆಯಾಯಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 1996ರ ತೀರ್ಪು. ಕಂಪನಿ ಬೇರೆ, ನಾವು ಬೇರೆ, ನಮ್ಮ ಮಕ್ಕಳ ಆಸ್ತಿ ಬೇರೆ ಅನ್ನುವ ವಾದವನ್ನು ಕೋರ್ಟು ಒಪ್ಪಲಿಲ್ಲ. ಕಂಪನಿ ಅನ್ನುವ ಕಲ್ಪನೆ ಹುಟ್ಟಿದ್ದು ವ್ಯಾಪಾರ ಬೆಳೆಯಲಿ ಅಂತ, ಜನರಿಗೆ ಟೋಪಿ ಹಾಕಲಿ ಅಂತ ಅಲ್ಲ ಅನ್ನುವುದು ಅದರ ಸಾರ. ನಿರ್ದೇಶಕ, ಹೆಂಡತಿ, ಮಕ್ಕಳ ಆಸ್ತಿಯನ್ನೆಲ್ಲ ಜಪ್ತಿ ಮಾಡಿ, ಮೋಸಹೋದವರಿಗೆ ಕೊಡುವ ವ್ಯವಸ್ಥೆಗೆ ಆದೇಶವಾಯಿತು.

ಇದು ಪ್ರತಿ ಕೇಸಿನಲ್ಲೂ ಸಿಗುವ ವರ ಅಲ್ಲ. ಕೋರ್ಟಿನ ಆದೇಶವನ್ನೇ ತುಳಿದ ಅತಿರೇಕಕ್ಕೆ ಸಿಕ್ಕ ಉತ್ತರ ಅದು. ಆದರೂ ದುಡ್ಡು ಕಂಪನಿಯಿಂದ ಮನೆಯವರ ಖಾತೆಗೆ ಹರಿದಿದೆ ಅಂತ ಕಾಗದದಲ್ಲಿ ತೋರಿಸಿದರೆ ಬಾಗಿಲು ತೆರೆಯುತ್ತದೆ.

ಜಮೀನಿನ ಹೆಸರಿನಲ್ಲಿ ಕಂತು ಎತ್ತಿದವರ ಪೈಕಿ ಎಲ್ಲರಿಗಿಂತ ದೊಡ್ಡದು ಪಿಎಸಿಎಲ್, ಜನ 'ಪರ್ಲ್ಸ್' ಅನ್ನುತ್ತಿದ್ದ ಕಂಪನಿ. ನಾವು ಕೃಷಿ ಜಮೀನು ಮಾರುತ್ತೇವೆ, ಅಭಿವೃದ್ಧಿ ಮಾಡಿ ಕೊಡುತ್ತೇವೆ ಅಷ್ಟೇ ಅಂತ ಅದು ವರ್ಷಗಟ್ಟಲೆ ವಾದಿಸಿತು. ಇದು ಜಮೀನು ಮಾರಾಟವಲ್ಲ, ಸಾಮೂಹಿಕ ಹೂಡಿಕೆ ಯೋಜನೆ ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲಿ ತೀರ್ಮಾನಿಸಿ ಸುಮಾರು 49,100 ಕೋಟಿ ವಾಪಸ್ ಕೊಡಲು ಹೇಳಿತು. ಕಂತು ಕಟ್ಟಿದ್ದವರು ಸುಮಾರು 5.85 ಕೋಟಿ ಜನ. ಆ ಆದೇಶ ಬರೀ ಕಂಪನಿಗಲ್ಲ, ನಿರ್ದೇಶಕರಿಗೂ ಸೇರಿ. ಮರುವರ್ಷ ಕಂಪನಿ ಮತ್ತು ನಾಲ್ವರು ನಿರ್ದೇಶಕರ ಮೇಲೆ 7,269.5 ಕೋಟಿ ದಂಡ ಬಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಜಮೀನು ಮಾರಿ ದುಡ್ಡು ಹಂಚಲು ನ್ಯಾಯಮೂರ್ತಿ ಲೋಧಾ ಅವರ ನೇತೃತ್ವದಲ್ಲಿ ಸಮಿತಿ ಮಾಡಲು ಸೆಬಿಗೆ ಹೇಳಿತು. ಇಂಥ ಠೇವಣಿ ರೂಪದ ಸ್ಕೀಮುಗಳಿಗೆ ಕರ್ನಾಟಕದಲ್ಲೂ 2004ರ ಕಾಯ್ದೆಯೊಂದಿದೆ. ಕಂಪನಿ ಆಸ್ತಿ ಸಾಲದಿದ್ದರೆ ನಿರ್ದೇಶಕರ ಆಸ್ತಿಯನ್ನೂ ಜಪ್ತಿ ಮಾಡಲು ಅದರಲ್ಲಿ ಅವಕಾಶವಿದೆ.

ಕಂಪನಿ ದಿವಾಳಿ ಅಂದರೆ

ಡೈರೆಕ್ಟರ್‌ಗಳ ಕೊನೇ ಬಾಣ ಇದು. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದ ಕೂಡಲೇ ಅದರ ಮೇಲಿನ ಕೇಸುಗಳಿಗೆ ತಡೆ ಬೀಳುತ್ತದೆ. ಆದರೆ ಆ ಕೊಡೆ ಕಂಪನಿಗೆ ಮಾತ್ರ. ಚೆಕ್ ಬೌನ್ಸ್ ಕೇಸು ನಿರ್ದೇಶಕರ ಮೇಲೆ ಮುಂದುವರಿಯುತ್ತದೆ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ, ಮನೆ ಕೊಂಡವರು ಪ್ರವರ್ತಕರ ವಿರುದ್ಧ ಮುಂದುವರಿಯಲು ಈ ತಡೆ ಅಡ್ಡಿಯಲ್ಲ ಅಂದಿದೆ.

ಇಲ್ಲಿಗೆ ಖುಷಿ ಪಟ್ಟು ಪುಟ ಮಗುಚಬೇಡಿ. ಅನ್ಸಲ್ ಕ್ರೌನ್ ಪ್ರಕರಣದಲ್ಲಿ ಫ್ಲಾಟು ಕೊಂಡವರು ಗ್ರಾಹಕ ಆಯೋಗದಲ್ಲಿ ಗೆದ್ದರು. ಕಂಪನಿ ದಿವಾಳಿಗೆ ಹೋಯಿತು. ಆದೇಶವನ್ನು ನಿರ್ದೇಶಕರ ಮೇಲೆ ಜಾರಿ ಮಾಡಿ ಅಂದರು. ದಿವಾಳಿ ತಡೆ ನಿರ್ದೇಶಕರನ್ನು ಕಾಪಾಡುವುದಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2025ರಲ್ಲಿ ಅದೇ ಜಗಳ ಮತ್ತೆ ಬಂದಾಗ ಬೇರೆ ಪ್ರಶ್ನೆ ಎದ್ದಿತು. ಮೂಲ ಆದೇಶದಲ್ಲಿ ನಿರ್ದೇಶಕರು ಹೊಣೆ ಅಂತ ತೀರ್ಮಾನವೇ ಆಗಿಲ್ಲ, ಆದೇಶ ಇರುವುದು ಕಂಪನಿ ಮೇಲೆ ಮಾತ್ರ, ಹಾಗಾಗಿ ಜಾರಿಯ ಹಂತದಲ್ಲಿ ಅವರನ್ನು ಎಳೆಯಲಾಗದು ಅಂದಿತು ಕೋರ್ಟು. ವರ್ಷಗಟ್ಟಲೆ ಅಲೆದು ಗೆದ್ದವರ ಕೈಗೆ ಸಿಕ್ಕಿದ್ದು ದಿವಾಳಿ ಕಂಪನಿಯ ಮೇಲಿನ ಕಾಗದ. ಅಂದರೆ ಕೈ ಯಾರದ್ದು ಅನ್ನುವುದನ್ನು ಮೊದಲ ದಿನದ ದೂರಿನಲ್ಲೇ ಹೇಳಬೇಕು. ನಿರ್ದೇಶಕನ ಹೆಸರು ಹಾಕಿ, ಅವನು ಏನು ಮಾಡಿದ ಅಂತ ಬರೆದು, ಅವನ ಮೇಲೂ ತೀರ್ಮಾನ ಕೇಳಬೇಕು.

ಆ ಕೈಯನ್ನು ಹುಡುಕುವುದು

ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲಿನಲ್ಲಿ ಯಾವ ಕಂಪನಿಗೆ ಯಾರು ನಿರ್ದೇಶಕರು, ಯಾವತ್ತಿನಿಂದ ಅನ್ನುವುದು ದುಡ್ಡಿಲ್ಲದೆ ಸಿಗುತ್ತದೆ. ನೂರು ರೂಪಾಯಿ ಕಟ್ಟಿದರೆ ಕಂಪನಿ ಸಲ್ಲಿಸಿದ ಕಾಗದಗಳನ್ನೂ ನೋಡಬಹುದು. ಅದರಲ್ಲಿ ನಿರ್ದೇಶಕರು ಸೇರಿದ, ಬಿಟ್ಟ ತಾರೀಕುಗಳ ಡಿಐಆರ್-12 ಫಾರಂ ನೋಡಿ. 'ನಾನು ಆಗಲೇ ರಾಜೀನಾಮೆ ಕೊಟ್ಟಿದ್ದೆ' ಅನ್ನುವವರ ಬಣ್ಣ ಇಲ್ಲಿ ಬಯಲಾಗುತ್ತದೆ. ನಿಜವಾಗಿ ಬಿಟ್ಟಿದ್ದರೂ, ಇದ್ದ ಕಾಲದಲ್ಲಿ ನಡೆದ ಅಪರಾಧಕ್ಕೆ ಹೊಣೆ ತಪ್ಪುವುದಿಲ್ಲ ಅಂತ ಕಂಪನಿ ಕಾಯ್ದೆಯ 168ನೇ ಕಲಂ ಹೇಳುತ್ತದೆ.

ಇನ್ನೊಂದು ಆಟ ಇದೆ. ಮಾಲೀಕರು ಹಿಂದೆ ಕೂತು, ಡ್ರೈವರನ್ನೋ ಬಾಮೈದನನ್ನೋ ಡೈರೆಕ್ಟರ್ ಮಾಡಿರುತ್ತಾರೆ. 'ಸಹಿ ಹಾಕು ಅಂದ್ರು ಸಾರ್, ಹಾಕ್ದೆ' ಅನ್ನುವ ಪಾಪದವರು. ಕಂಪನಿ ಕಾಯ್ದೆ ಇದನ್ನೂ ಯೋಚಿಸಿದೆ. ಕಾಗದದಲ್ಲಿ ಹೆಸರಿಲ್ಲದಿದ್ದರೂ, ಯಾರ ಮಾತಿನಂತೆ ಮಂಡಳಿ ಕುಣಿಯುತ್ತದೋ ಅವರೂ ತಪ್ಪಿತಸ್ಥ ಅಧಿಕಾರಿಯ ವ್ಯಾಖ್ಯೆಯೊಳಗೆ ಬರುತ್ತಾರೆ. ಹಾಗಂತ ಡ್ರೈವರ್ ಪೂರ್ತಿ ಪಾರಾಗುವುದಿಲ್ಲ, ಚೆಕ್ಕಿನ ಮೇಲೆ ಅವನ ಸಹಿ ಇದ್ದರಂತೂ ಇಲ್ಲವೇ ಇಲ್ಲ. ಮಾಲೀಕರ ಕಡೆಯವರಲ್ಲದೆ ಹೊರಗಿನಿಂದ ಬಂದು ಮಂಡಳಿಯಲ್ಲಿ ಕೂರುವ ಸ್ವತಂತ್ರ ನಿರ್ದೇಶಕರ ಕಥೆ ಸ್ವಲ್ಪ ಬೇರೆ. ಮಂಡಳಿಯ ಸಭೆಯಲ್ಲಿ ಅವರ ಗಮನಕ್ಕೆ ಬಂದು ಅವರು ಒಪ್ಪಿದ್ದರೆ, ಅಥವಾ ಎಚ್ಚರ ವಹಿಸದೆ ಕೂತಿದ್ದರೆ ಮಾತ್ರ ಹೊಣೆ.

ಮಾವನ ಹತ್ತಿರ ಕೊನೆಗೆ ಉಳಿದಿದ್ದು ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಬ್ರೋಷರ್, ಡೈರೆಕ್ಟರ್ ಸಹಿ ಇದ್ದ ನಾಲ್ಕು ರಸೀದಿ, ಮಾಹಿತಿ ಹಕ್ಕಿನ ಉತ್ತರ, ಆ ಭಾನುವಾರ ನಮ್ಮ ತಂಗಿ ಫೋನಿನಲ್ಲಿ ಹಿಡಿದ ಭಾಷಣದ ವಿಡಿಯೊ ಇದ್ದ ಪೆನ್ ಡ್ರೈವ್. ಗಲಾಟೆ ಮಾಡಿ ಎರಡನೇ ಚೆಕ್ಕು ತಂದರು. ಅದೂ ಬೌನ್ಸ್ ಆಯಿತು. ಈ ಸಲ ಹನ್ನೊಂದನೇ ದಿನಕ್ಕೆ ವಕೀಲರ ನೋಟಿಸ್ ಹೋಯಿತು. ಒಂದು ಕಂಪನಿ ಹೆಸರಿಗೆ, ಇನ್ನೊಂದು ಸಹಿ ಹಾಕಿದವರ ಹೆಸರಿಗೆ, ಅವರ ಮನೆ ವಿಳಾಸಕ್ಕೆ.

ನಾಲ್ಕನೇ ದಿನ ಫೋನ್ ಬಂತು. "ಏನ್ ಸಾರ್ ಇದು, ಮನೆಗ್ಯಾಕೆ ನೋಟಿಸ್ ಕಳ್ಸಿದ್ರಿ? ಮನೇಲಿ ಎಲ್ರೂ ಗಾಬರಿಯಾಗಿದಾರೆ. ಆಫೀಸಿಗೆ ಕಳಿಸ್ಬೇಕಿತ್ತಪ್ಪ."

"ಆಫೀಸಿಗೂ ಕಳ್ಸಿದೀವಿ. ಅಲ್ಲಿ ಫೇಶಿಯಲ್ ಮಾಡ್ತಿದಾರಂತೆ," ಅಂದರು ಮಾವ.

ಆರು ಲಕ್ಷದಲ್ಲಿ ಎರಡೂವರೆ ಬಂದಿದೆ. ಉಳಿದದ್ದಕ್ಕೆ ಕೇಸು ನಡೆಯುತ್ತಿದೆ, ಮುಂದಿನ ತಿಂಗಳು ತಾರೀಕಿದೆ.